ಕ್ಲೋರಿನ್ ಕಾರವಾರದಲ್ಲಿ, ಪೈಪು ತಾವರೆಕೆರೆಯಲ್ಲಿ

ಶಿರಾ, ಮಧುಗಿರಿ, ಕೊರಟಗೆರೆ, ಪಾವಗಡ ತಾಲ್ಲೂಕುಗಳಲ್ಲಿ ಬೇಸಾಯ ಅರ್ಧ ಮಳೆಯ ಮೇಲೆ ನಿಂತಿದೆ, ಅರ್ಧ ಬೋರಿನ ಮೇಲೆ. ಶಿರಾ ದಾಟಿ ಹಿರಿಯೂರಿನ ಕಡೆ ಹೆದ್ದಾರಿಯಲ್ಲಿ ಸಿಗುವ ತಾವರೆಕೆರೆಯಂಥ ಊರಿನಲ್ಲಿ ಶೇಂಗಾ ಬಿತ್ತಿದವನು ಮುಗಿಲು ನೋಡುತ್ತಾನೆ, ಅಡಿಕೆ, ತೆಂಗು, ದಾಳಿಂಬೆ ಇಟ್ಟವನು ಪಂಪು ನೋಡುತ್ತಾನೆ. ಬೋರಿನ ಬಾಯಿಗೆ ಇಳಿಸುವ ಕೇಸಿಂಗ್, ಮೋಟಾರಿನಿಂದ ನೀರು ಮೇಲೆತ್ತುವ ಕಾಲಂ ಪೈಪು, ಬೋರಿನಿಂದ ತೋಟಕ್ಕೆ ಹೂತ ಲೈನು, ಡ್ರಿಪ್ಪಿನ ಮೇನು ಮತ್ತು ಸಬ್‌ಮೇನು, ಇವೆಲ್ಲ ಬಹುಮಟ್ಟಿಗೆ ಒಂದೇ ವಸ್ತುವಿನವು: ಪಿವಿಸಿ. ಬಯಲುಸೀಮೆಯ ಬದುಕು ಇಷ್ಟೊಂದು ಆತುಕೊಂಡಿರುವ ಈ ವಸ್ತುವನ್ನು ಯಾರು, ಎಲ್ಲಿ, ಯಾವ ಲೆಕ್ಕಾಚಾರದಲ್ಲಿ ತಯಾರಿಸುತ್ತಾರೆ ಎಂಬ ಚರ್ಚೆ ಕನ್ನಡದಲ್ಲಿ ಹೆಚ್ಚು ನಡೆದಿಲ್ಲ. ಷೇರುಪೇಟೆಯ ಪುಟಗಳಲ್ಲಿ ಅದು ಕಂಪನಿಗಳ ತ್ರೈಮಾಸಿಕ ಲಾಭದ ಸುದ್ದಿ, ಪರಿಸರದ ಬರಹಗಳಲ್ಲಿ ಪ್ಲಾಸ್ಟಿಕ್ ವಿರೋಧದ ಸುದ್ದಿ. ಎರಡರಲ್ಲೂ ಪೈಪು ಕೊಳ್ಳುವವನು ಕಾಣುವುದಿಲ್ಲ. ಈ ಉದ್ಯಮದ ಏರಿಳಿತ ಕಟ್ಟಕಡೆಗೆ ಬಂದು ಕೂರುವುದು ಕಾಯುವ ಶಕ್ತಿ ಎಲ್ಲರಿಗಿಂತ ಕಡಿಮೆ ಇರುವ ರೈತನ ಮೇಲೆ. ಅದನ್ನು ತಪ್ಪಿಸಲು ಕರ್ನಾಟಕ ಹಿಡಿದುಕೊಳ್ಳಬೇಕಾದ ಕೊಂಡಿ ದೊಡ್ಡ ರೆಸಿನ್ ಕಾರ್ಖಾನೆಯಲ್ಲ, ಪೈಪಿನ ಗುಣಮಟ್ಟ, ತೆರಿಗೆ ಮತ್ತು ಹಳೆ ಪೈಪಿನ ವಿಲೇವಾರಿ ಸೇರಿದ ಕೊನೆಯ ಕೊಂಡಿ. ಈ ಲೇಖನದ ವಾದ ಇದು.

ಮೊದಲು ವಸ್ತುವಿನ ಹುಟ್ಟು. ಪಿವಿಸಿಯ ತೂಕದಲ್ಲಿ ಶೇ 57ರಷ್ಟು ಕ್ಲೋರಿನ್, ಅಂದರೆ ಪೈಪಿನ ಅರ್ಧಕ್ಕಿಂತ ಹೆಚ್ಚು ಭಾಗ ಬಂದಿರುವುದು ಅಡುಗೆ ಉಪ್ಪಿನಿಂದ. ಉಪ್ಪುನೀರಿನ ಮೂಲಕ ವಿದ್ಯುತ್ ಹರಿಸಿದರೆ ಒಂದು ಕಡೆ ಕಾಸ್ಟಿಕ್ ಸೋಡಾ, ಇನ್ನೊಂದು ಕಡೆ ಕ್ಲೋರಿನ್, ಜೊತೆಗೆ ಒಂದಿಷ್ಟು ಜಲಜನಕ ಸಿಗುತ್ತದೆ. ಒಂದು ಟನ್ ಕಾಸ್ಟಿಕ್ ತಯಾರಾದರೆ ಸುಮಾರು 880 ಕಿಲೋ ಕ್ಲೋರಿನ್ ಹುಟ್ಟಲೇಬೇಕು. ಈ ಅನುಪಾತ ರಸಾಯನಶಾಸ್ತ್ರದ ನಿಯಮ, ಯಾವ ಮ್ಯಾನೇಜರನೂ ಅದನ್ನು ಬದಲಿಸಲಾರ. ಕ್ಲೋರಿನ್ನನ್ನು ಪೆಟ್ರೋಲಿಯಂ ಅಥವಾ ನೈಸರ್ಗಿಕ ಅನಿಲದಿಂದ ಬಂದ ಎಥಿಲೀನ್ ಜೊತೆ ಸೇರಿಸಿದರೆ ಇಡಿಸಿ ಎಂಬ ದ್ರವ, ಅದನ್ನು ಬಿಸಿಯಲ್ಲಿ ಒಡೆದರೆ ವಿನೈಲ್ ಕ್ಲೋರೈಡ್ ಅನಿಲ, ಆ ಅನಿಲದ ಅಣುಗಳನ್ನು ಸರಪಳಿಯಾಗಿ ಪೋಣಿಸಿದರೆ ಹಿಟ್ಟಿನಂಥ ಬಿಳಿ ಪುಡಿ. ಇದೇ ಪಿವಿಸಿ ರೆಸಿನ್. ಪೈಪು ಕಾರ್ಖಾನೆಯವರು ಈ ಪುಡಿಗೆ ಸ್ಥಿರಕಾರಿ, ಬಣ್ಣ, ಮೇಣ, ಸ್ವಲ್ಪ ಸುಣ್ಣದ ಪುಡಿ ಬೆರೆಸಿ ಕಾಯಿಸಿ ಎಳೆಯುತ್ತಾರೆ. ವಿನೈಲ್ ಕ್ಲೋರೈಡನ್ನು ಪ್ರಯೋಗಾಲಯದಲ್ಲಿ ಮೊದಲು ಪಡೆದವನು ಫ್ರಾನ್ಸಿನ ರೆನ್ಯೋ, 1835ರಲ್ಲಿ. ಅದರಿಂದ ಬಳಸಬಹುದಾದ ಮೆದು ಪ್ಲಾಸ್ಟಿಕ್ ಮಾಡುವ ದಾರಿಯನ್ನು 1926ರಲ್ಲಿ ಕಂಡುಕೊಂಡವನು ಅಮೆರಿಕದ ಬಿ.ಎಫ್. ಗುಡ್‌ರಿಚ್ ಕಂಪನಿಯ ವಾಲ್ಡೊ ಸೆಮನ್. ಆದರೆ ಈ ಉದ್ಯಮದ ವ್ಯಾಪಾರನೀತಿಯನ್ನೆಲ್ಲ ಆಳುತ್ತಿರುವುದು ಆ ಶೋಧಗಳಿಗಿಂತ ಹೆಚ್ಚಾಗಿ ಮೇಲೆ ಹೇಳಿದ ಅನುಪಾತ.

ಏಕೆಂದರೆ ಕಾಸ್ಟಿಕ್ ಸೋಡಾಕ್ಕೂ ಕ್ಲೋರಿನ್ನಿಗೂ ಗಿರಾಕಿಗಳು ಬೇರೆ ಬೇರೆ. ಕಾಸ್ಟಿಕ್ ಬೇಕಾಗುವುದು ಸಾಬೂನು, ಬಟ್ಟೆ, ಕಾಗದ ಮತ್ತು ಅಲ್ಯುಮಿನಾ ತಯಾರಿಸುವವರಿಗೆ. ನಮ್ಮ ರಾಜ್ಯದಲ್ಲಿ ಬೆಳಗಾವಿಯ ಹಿಂಡಾಲ್ಕೊ, ದಾಂಡೇಲಿಯ ಕಾಗದದ ಗಿರಣಿ, ಹರಿಹರದ ಪಾಲಿಫೈಬರ್ಸ್ ಅಂಥವು. ಕ್ಲೋರಿನ್ನಿನ ಅತಿ ದೊಡ್ಡ ಗಿರಾಕಿ ಪಿವಿಸಿ, ಅಂದರೆ ಮನೆ ಕಟ್ಟುವವರು ಮತ್ತು ನೀರು ಹಾಯಿಸುವವರು. ಇವೆರಡರ ಬೇಡಿಕೆ ಒಟ್ಟಿಗೆ ಏರುವುದೂ ಇಲ್ಲ, ಇಳಿಯುವುದೂ ಇಲ್ಲ. ಕಾಸ್ಟಿಕ್ಕನ್ನು ಟ್ಯಾಂಕಿನಲ್ಲಿ ತಿಂಗಳುಗಟ್ಟಲೆ ಇಡಬಹುದು. ಕ್ಲೋರಿನ್ ವಿಷಾನಿಲ. 900 ಕಿಲೋ ಹಿಡಿಯುವ ಟನ್ನರುಗಳಲ್ಲಿ ಊರಿನ ನೀರು ಶುದ್ಧೀಕರಣಕ್ಕೆಂದು ಒಂದಿಷ್ಟು ಸಾಗಿಸುವುದನ್ನು ಬಿಟ್ಟರೆ ಅದನ್ನು ರಾಶಿ ಹಾಕಿಡಲಾಗದು, ಹುಟ್ಟಿದ ಜಾಗದಲ್ಲೇ ಕರಗಬೇಕು. ಹಾಗಾಗಿ ಕ್ಲೋರಿನ್ನಿಗೆ ಗತಿ ಕಾಣದಿದ್ದರೆ ಕಾಸ್ಟಿಕ್ ಉತ್ಪಾದನೆಯನ್ನೂ ಇಳಿಸಬೇಕಾಗುತ್ತದೆ. ಭಾರತದಲ್ಲಿ ಕ್ಲೋರಿನ್ ಬೆಲೆ ಸೊನ್ನೆಗಿಂತ ಕೆಳಗೆ ಹೋಗಿ, ತಯಾರಕರೇ ಹಣ ಕೊಟ್ಟು ಅದನ್ನು ಸಾಗಹಾಕಿದ ಕಾಲಗಳೂ ಇವೆ. ಒಂದು ವಸ್ತುವಿನ ನಷ್ಟವನ್ನು ಇನ್ನೊಂದರ ಬೆಲೆಯಲ್ಲಿ ತುಂಬಿಕೊಳ್ಳುವುದು ಈ ವ್ಯಾಪಾರದ ದಿನನಿತ್ಯದ ಕೆಲಸ. ಬೆಲೆಯನ್ನು ತಾವೇ ನಿರ್ಧರಿಸುವ ಸ್ವಾತಂತ್ರ್ಯ ಇಲ್ಲಿ ಯಾರಿಗೂ ಇಲ್ಲ. ಒಬ್ಬರ ಪಿವಿಸಿಗೂ ಇನ್ನೊಬ್ಬರ ಪಿವಿಸಿಗೂ ಕೊಳ್ಳುವವನ ಕಣ್ಣಿಗೆ ವ್ಯತ್ಯಾಸವಿಲ್ಲ, ಆದ್ದರಿಂದ ಯಾರ ಖರ್ಚು ಕಡಿಮೆಯೋ ಅವರು ಉಳಿಯುತ್ತಾರೆ.

ಖರ್ಚು ಇಳಿಸುವ ದಾರಿ ಒಂದೇ: ಉಪ್ಪು, ವಿದ್ಯುತ್, ಎಥಿಲೀನ್, ಬಂದರು, ಕೊನೆಗೆ ಪೈಪು, ಇವುಗಳಲ್ಲಿ ಎಷ್ಟು ಸಾಧ್ಯವೋ ಅಷ್ಟನ್ನು ಒಂದೇ ಕೈಯಲ್ಲಿ ಇಟ್ಟುಕೊಳ್ಳುವುದು. ತೈವಾನಿನ ಫಾರ್ಮೋಸಾ ಪ್ಲಾಸ್ಟಿಕ್ಸ್ 1950ರ ದಶಕದಲ್ಲಿ ದಿನಕ್ಕೆ 4 ಟನ್ನಿನ ಪುಟ್ಟ ಪಿವಿಸಿ ಸ್ಥಾವರದಿಂದ ಶುರುವಾಯಿತು. ತಯಾರಿಸಿದ ಅಷ್ಟನ್ನೂ ಕೊಳ್ಳುವವರಿಲ್ಲದಾಗ ಅದು ತನ್ನ ರೆಸಿನ್ ಬಳಸಲೆಂದೇ ನಾನ್ ಯಾ ಎಂಬ ಇನ್ನೊಂದು ಕಂಪನಿ ಕಟ್ಟಿತು. ಅಮೆರಿಕದ ವೆಸ್ಟ್‌ಲೇಕ್ 1986ರಲ್ಲಿ ಹುಟ್ಟಿ, 2016ರಲ್ಲಿ ಆಕ್ಸಿಯಾಲ್ ಕಂಪನಿಯನ್ನು ಕೊಂಡು, ಉಪ್ಪಿನಿಂದ ಹಿಡಿದು ಪೈಪಿನವರೆಗೆ ಕೈಚಾಚಿತು. ಆ ಆಕ್ಸಿಯಾಲ್ ಕೂಡ 2013ರಲ್ಲಿ ಜಾರ್ಜಿಯಾ ಗಲ್ಫ್ ಕಂಪನಿಯೂ ಪಿಪಿಜಿಯ ರಾಸಾಯನಿಕ ವಿಭಾಗವೂ ಸೇರಿ ಹುಟ್ಟಿದ್ದು. ನಮ್ಮ ಹತ್ತಿರದ ಉದಾಹರಣೆ ಕಾವೇರಿಯ ದಂಡೆಯ ಮೆಟ್ಟೂರು. ಅಣೆಕಟ್ಟಿನ ವಿದ್ಯುತ್ ನಂಬಿ 1930ರ ದಶಕದಲ್ಲೇ ಅಲ್ಲಿ ರಾಸಾಯನಿಕ ಉದ್ಯಮ ಬಂತು, 1967ರಲ್ಲಿ ಗುಡ್‌ರಿಚ್ ಸಹಯೋಗದಲ್ಲಿ ಕೆಂಪ್ಲಾಸ್ಟ್ ಪಿವಿಸಿ ತಯಾರಿಕೆ ಆರಂಭಿಸಿತು. ಎಥಿಲೀನಿಗೆ ಅವರು ಆತುಕೊಂಡದ್ದು ಕಾಕಂಬಿಯಿಂದ ತೆಗೆದ ಆಲ್ಕೊಹಾಲನ್ನು. ಮುಂದೆ ಅದೇ ಸಮೂಹ ಬೆಳೆಯಬೇಕಾದಾಗ ನದಿ ಬಿಟ್ಟು ಕಡಲಿಗೆ ಹೋಯಿತು: 2009ರಲ್ಲಿ ಶುರುವಾದ ಕಡಲೂರಿನ ಸ್ಥಾವರ ವಿನೈಲ್ ಕ್ಲೋರೈಡನ್ನು ಹಡಗಿನಲ್ಲಿ ತರಿಸಿಕೊಳ್ಳುತ್ತದೆ. ಕೊಂಕಣ ತೀರದ ರತ್ನಗಿರಿಯಲ್ಲಿ 1994ರಲ್ಲಿ ರೆಸಿನ್ ತಯಾರಿಕೆ ಶುರುಮಾಡಿದ ಫಿನೊಲೆಕ್ಸ್ ಕೂಡ ಕಚ್ಚಾವಸ್ತುವನ್ನು ಸ್ವಂತ ಜೆಟ್ಟಿಗೆ ತರಿಸಿ ರೆಸಿನ್ ಮಾಡಿ, ಅದರಲ್ಲಿ ದೊಡ್ಡ ಪಾಲನ್ನು ತಾನೇ ಪೈಪಾಗಿ ಎಳೆದು ಮಾರುತ್ತದೆ.

ಈಗ ಕಾರವಾರ. ಪಟ್ಟಣಕ್ಕೆ ತಗುಲಿದ ಬಿಣಗಾದಲ್ಲಿ ಹೆದ್ದಾರಿಗೂ ಕಡಲಿಗೂ ಹತ್ತಿರದಲ್ಲಿರುವ ಕಾಸ್ಟಿಕ್ ಸೋಡಾ ಕಾರ್ಖಾನೆ ನಮ್ಮ ರಾಜ್ಯದಲ್ಲಿ ಈ ಉದ್ಯಮದ ಮುಖ್ಯ ನೆಲೆ. ಬಲ್ಲಾರ್‌ಪುರ ಇಂಡಸ್ಟ್ರೀಸ್ 1970ರ ದಶಕದಲ್ಲಿ ಕಟ್ಟಿದ ಈ ಘಟಕ ಆಮೇಲೆ ಸೊಲಾರಿಸ್ ಕೆಮ್‌ಟೆಕ್ ಆಯಿತು, 2013ರಲ್ಲಿ ಆದಿತ್ಯ ಬಿರ್ಲಾ ಕೆಮಿಕಲ್ಸ್ ಕೈಸೇರಿತು, ಆ ಕಂಪನಿ ಗ್ರಾಸಿಮ್‌ನಲ್ಲಿ ವಿಲೀನವಾದ ಮೇಲೆ ಗ್ರಾಸಿಮ್‌ನದಾಯಿತು. ಒಡೆತನ ಹೀಗೆ ಕೈಬದಲಾಯಿಸಿದ್ದರ ಹಿಂದಿನ ತರ್ಕವೂ ಮೇಲೆ ಹೇಳಿದ್ದೇ: ದೇಶದಲ್ಲೇ ಅತಿ ಹೆಚ್ಚು ಕಾಸ್ಟಿಕ್ ತಯಾರಿಸುವ ಗ್ರಾಸಿಮ್‌ಗೆ ಹರಿಹರದ ತುಂಗಭದ್ರೆಯ ದಡದಲ್ಲಿ ಮರದ ತಿರುಳು ಮತ್ತು ನಾರು ತಯಾರಿಸುವ, ಕಾಸ್ಟಿಕ್ ಬೇಡುವ ಸ್ವಂತ ಗಿರಣಿಗಳಿವೆ. ಗಿರಾಕಿ ಮನೆಯಲ್ಲೇ ಇದ್ದಾಗ ಬೆಲೆಯ ಏರಿಳಿತ ಅಷ್ಟು ಬಾಧಿಸುವುದಿಲ್ಲ. ಆದರೆ ಬಿಣಗಾದ ಸರಪಳಿ ಅಲ್ಲಿಗೇ ತುಂಡಾಗುತ್ತದೆ. ಕ್ಲೋರಿನ್ ಇದೆ, ಎಥಿಲೀನ್ ಇಲ್ಲ. ಮಂಗಳೂರಿನ ಎಂಆರ್‌ಪಿಎಲ್ ಪಾಲಿಪ್ರೊಪಿಲೀನ್ ತಯಾರಿಸುತ್ತದೆ, ಎಥಿಲೀನ್ ಕ್ರ್ಯಾಕರ್ ಅಲ್ಲಿಯೂ ಇಲ್ಲ. ದೇಶದ ಮಟ್ಟದ ವಿರೋಧಾಭಾಸದ ಚಿಕ್ಕ ಪಡಿಯಚ್ಚು ಇದು. ಭಾರತದಲ್ಲಿ ಕ್ಲೋರಿನ್ ಮಿಗುತ್ತದೆ, ಪಿವಿಸಿ ಸಾಲದು. ವರ್ಷಕ್ಕೆ 40 ಲಕ್ಷ ಟನ್ನಿಗೂ ಹೆಚ್ಚು ಪಿವಿಸಿ ಬಳಸುವ ದೇಶ ತಯಾರಿಸುವುದು ಸುಮಾರು 15 ಲಕ್ಷ ಟನ್. ರಿಲಯನ್ಸ್, ಕೆಂಪ್ಲಾಸ್ಟ್, ಫಿನೊಲೆಕ್ಸ್, ಡಿಸಿಎಂ ಶ್ರೀರಾಮ್, ಡಿಸಿಡಬ್ಲ್ಯು, ತಯಾರಕರೆಂದರೆ ಇಷ್ಟೇ. ಉಳಿದದ್ದು ಚೀನಾ, ಜಪಾನ್, ತೈವಾನ್, ಕೊರಿಯಾ, ಅಮೆರಿಕದಿಂದ ಬರಬೇಕು.

ಅರ್ಧಕ್ಕಿಂತ ಹೆಚ್ಚು ಮಾಲು ಹೊರಗಿನದಾದರೆ ಬೆಲೆಯೂ ಹೊರಗಿನದೇ. 2021ರ ಫೆಬ್ರುವರಿಯಲ್ಲಿ ಅಮೆರಿಕದ ಟೆಕ್ಸಸ್‌ನಲ್ಲಿ ಎಂದೂ ಕಾಣದ ಹಿಮಗಾಳಿ ಬೀಸಿ ಅಲ್ಲಿನ ಪಿವಿಸಿ ಸ್ಥಾವರಗಳು ಸಾಲಾಗಿ ನಿಂತವು. ಆಗಸ್ಟಿನಲ್ಲಿ ಲೂಯಿಸಿಯಾನಕ್ಕೆ ಐಡಾ ಚಂಡಮಾರುತ ಬಡಿಯಿತು. ಶರತ್ಕಾಲದಲ್ಲಿ ಚೀನಾ ವಿದ್ಯುತ್ ಬಳಕೆಗೆ ಕಡಿವಾಣ ಹಾಕಿದ್ದರಿಂದ ಅಲ್ಲಿ ಪಿವಿಸಿಗೆ ಕಚ್ಚಾವಸ್ತು ಒದಗಿಸುವ ಕಾರ್ಬೈಡ್ ಕುಲುಮೆಗಳು ತಣ್ಣಗಾದವು. ಭಾರತದಲ್ಲಿ ರೆಸಿನ್ ಬೆಲೆ ಕೆಜಿಗೆ 140 ರೂಪಾಯಿಯ ಆಸುಪಾಸಿಗೆ ಹೋಯಿತು, ಮರುವರ್ಷ ಹೆಚ್ಚುಕಡಿಮೆ ಅರ್ಧಕ್ಕೆ ಬಿತ್ತು. ಇದನ್ನು ಒಂದು ತೋಟದ ಲೆಕ್ಕಕ್ಕೆ ಇಳಿಸಿ ನೋಡೋಣ. ಬೋರಿನಿಂದ ತೋಟಕ್ಕೆ 300 ಮೀಟರು ದೂರ ಎಂದುಕೊಳ್ಳಿ. ಎರಡೂವರೆ ಇಂಚಿನ, ರೈತರು ಆರು ಕೆಜಿ ಪೈಪು ಎನ್ನುವ ದರ್ಜೆಯ, ತಲಾ 6 ಮೀಟರಿನ 50 ಪೈಪು ಬೇಕು. ಗೋಡೆಯ ದಪ್ಪ ಮತ್ತು ಸಾಂದ್ರತೆಯಿಂದ ಲೆಕ್ಕ ಹಾಕಿದರೆ ಒಟ್ಟು ತೂಕ 240 ಕೆಜಿ ಸುಮಾರು, ಅದರಲ್ಲಿ 220 ಕೆಜಿಯಷ್ಟು ರೆಸಿನ್. ಬೆಲೆಯ ತುದಿಗೂ ತಳಕ್ಕೂ ಇರುವ ಅಂತರ ಕೆಜಿಗೆ 65 ರೂಪಾಯಿ ಎಂದರೂ ಅದೊಂದರಿಂದಲೇ 14 ಸಾವಿರ ರೂಪಾಯಿಯ ವ್ಯತ್ಯಾಸ, ಮೇಲೆ ಜಿಎಸ್‌ಟಿ ಶೇ 18. ಮನೆ ಕಟ್ಟುವವನು ಪ್ಲಂಬಿಂಗ್ ಕೆಲಸವನ್ನು ನಾಲ್ಕು ತಿಂಗಳು ಮುಂದೂಡಬಹುದು. ಪೈಪು ಕಂಪನಿಗಳು ರೆಸಿನ್ ದಾಸ್ತಾನನ್ನು ಹಿಗ್ಗಿಸಿ ಕುಗ್ಗಿಸಿ ಸಂಭಾಳಿಸುತ್ತವೆ. ಬೆಲೆ ಇಳಿಯುವ ಸೂಚನೆ ಕಂಡರೆ ಡೀಲರ್ ಮಾಲು ಎತ್ತುವುದನ್ನೇ ನಿಲ್ಲಿಸುತ್ತಾನೆ. ಬೇಸಿಗೆಯಲ್ಲಿ ಬೋರು ಕೊರೆಸಿ ಎರಡಿಂಚು ನೀರು ಕಂಡವನು ಮಾತ್ರ ಆ ವಾರವೇ ಪೈಪು ಎಳೆಸಬೇಕು, ಇಲ್ಲದಿದ್ದರೆ ಐದು ವರ್ಷದ ಅಡಿಕೆ ಗಿಡ ಒಣಗುತ್ತದೆ. ಕೃಷಿ ಪೈಪಿನ ವ್ಯಾಪಾರಕ್ಕೆ ಏಪ್ರಿಲ್‌ನಿಂದ ಜೂನ್‌ವರೆಗಿನ ತಿಂಗಳುಗಳೇ ಸುಗ್ಗಿ ಎಂದು ಕಂಪನಿಗಳು ಲೆಕ್ಕ ಹಾಕುವುದು ಈ ಅನಿವಾರ್ಯವನ್ನು ನೆಚ್ಚಿಯೇ.

ಹಾಗಾದರೆ ನಮ್ಮ ರಾಜ್ಯದಲ್ಲೇ ಪಿವಿಸಿ ತಯಾರಿಸಬಾರದೇಕೆ? ಇದು ಹಗುರವಾಗಿ ತಳ್ಳಿಹಾಕುವ ಪ್ರಶ್ನೆಯಲ್ಲ, ಅದರಲ್ಲೂ ಪಾವಗಡದ ತಿರುಮಣಿಯ ಸುತ್ತ 13 ಸಾವಿರ ಎಕರೆಯಲ್ಲಿ 2,050 ಮೆಗಾವಾಟಿನ ಸೌರ ಪಾರ್ಕ್ ಎದ್ದ ಮೇಲೆ. ಕಾಸ್ಟಿಕ್–ಕ್ಲೋರಿನ್ ತಯಾರಿಕೆಯ ಖರ್ಚಿನಲ್ಲಿ ಸಿಂಹಪಾಲು ವಿದ್ಯುತ್ತಿನದು. ಪೊರೆಯ ಕೋಶಗಳಿರುವ ಹೊಸ ಸ್ಥಾವರದಲ್ಲೂ ಒಂದು ಟನ್ ಕಾಸ್ಟಿಕ್ಕಿಗೆ 2,500 ಯೂನಿಟ್‌ನ ಹತ್ತಿರ ಬೇಕು. ಪಾವಗಡದ ಫಲಕಗಳು ಸಾಮರ್ಥ್ಯದ ನಾಲ್ಕನೇ ಒಂದು ಪಾಲು ದುಡಿದರೂ ವರ್ಷಕ್ಕೆ 400 ಕೋಟಿ ಯೂನಿಟ್ ದಾಟುತ್ತದೆ, ಕಾಗದದ ಮೇಲೆ ಅದು 15 ಲಕ್ಷ ಟನ್ನಿಗೂ ಹೆಚ್ಚು ಕಾಸ್ಟಿಕ್ಕಿಗೆ ಸಾಕು. ವಿದ್ಯುತ್ ಸಾಲದು ಎಂಬ ವಾದ ಇಲ್ಲಿ ನಡೆಯುವುದಿಲ್ಲ. ಅಡ್ಡಿ ಇರುವುದು ಬೇರೆ ಕಡೆ. ಕೋಶಗಳಿಗೆ ಹಗಲಿರುಳು ಏಕರೀತಿಯ ಪ್ರವಾಹ ಬೇಕು, ಪಾವಗಡದ ಸೂರ್ಯ ಸಂಜೆ ಆರಕ್ಕೆ ಹೊರಡುತ್ತಾನೆ. ಒಂದು ಟನ್ ಕಾಸ್ಟಿಕ್ಕಿಗೆ ಒಂದೂವರೆ ಟನ್ನಿಗೂ ಹೆಚ್ಚು ಉಪ್ಪು ಬೇಕು, ಅದು ಕಡಲತೀರದಿಂದ ಲಾರಿಯಲ್ಲೋ ರೈಲಿನಲ್ಲೋ ಬರಬೇಕು. ನೀರು ಬೇಕು, ಅದೂ ಕುಡಿಯುವ ನೀರಿಗೆ ತುಂಗಭದ್ರೆಯ ಕಡೆ ಮುಖಮಾಡಿರುವ, ಫ್ಲೋರೈಡಿನಿಂದ ತಲೆಮಾರುಗಳ ಮೂಳೆ ಸವೆದ ತಾಲ್ಲೂಕಿನಲ್ಲಿ. ಎಲ್ಲಕ್ಕಿಂತ ಮಿಗಿಲಾಗಿ, ಅಷ್ಟು ಕಾಸ್ಟಿಕ್ಕಿನ ಜೊತೆ ಹುಟ್ಟುವ ಕ್ಲೋರಿನ್ನನ್ನು ಎಥಿಲೀನ್ ಇಲ್ಲದ ಒಳನಾಡಿನಲ್ಲಿ ಏನು ಮಾಡುವುದು? ಸಾಗಿಸುವುದೇ ಅಪಾಯ. ವಿದ್ಯುತ್ತನ್ನು ತಂತಿಯ ಮೇಲೆ ಕಡಲತೀರಕ್ಕೆ ಕಳಿಸುವುದು ಉಪ್ಪನ್ನೂ ಎಥಿಲೀನನ್ನೂ ಪಾವಗಡಕ್ಕೆ ಹೊತ್ತು ತರುವುದಕ್ಕಿಂತ ಸಾವಿರ ಪಾಲು ಸುಲಭ.

ಇನ್ನೊಂದು ವಾದ ಕಬ್ಬಿನದು. ಮೆಟ್ಟೂರಿನವರು ಆಲ್ಕೊಹಾಲಿನಿಂದ ಎಥಿಲೀನ್ ತೆಗೆದಿದ್ದರೆ, ಸಕ್ಕರೆಯಲ್ಲಿ ದೇಶದ ಮೊದಲ ಮೂರು ರಾಜ್ಯಗಳಲ್ಲಿರುವ ಕರ್ನಾಟಕ ಮಂಡ್ಯ, ಬೆಳಗಾವಿಯ ಎಥನಾಲಿನಿಂದ ಯಾಕೆ ತೆಗೆಯಬಾರದು? ಲೆಕ್ಕ ಹೀಗೆ ಬರುತ್ತದೆ. ಒಂದು ಟನ್ ಪಿವಿಸಿಗೆ ಅರ್ಧ ಟನ್ನಿನ ಹತ್ತಿರ ಎಥಿಲೀನ್, ಅದಕ್ಕೆ ಸುಮಾರು ಸಾವಿರ ಲೀಟರ್ ಎಥನಾಲ್ ಬೇಕು. ಪೆಟ್ರೋಲಿಗೆ ಬೆರೆಸಲು ತೈಲ ಕಂಪನಿಗಳು ಕೊಡುವ ದರ ಲೀಟರಿಗೆ 60 ರೂಪಾಯಿಯ ಆಸುಪಾಸಿನಲ್ಲಿದೆ. ಅಂದರೆ ಎಥಿಲೀನ್ ಒಂದಕ್ಕೇ ಟನ್ ಪಿವಿಸಿಗೆ 60 ಸಾವಿರ ರೂಪಾಯಿ, ಆಗ ತಯಾರಾಗುವ ಪಿವಿಸಿ ಮಾರಾಟವಾಗುವುದು ಬೆಲೆ ತಗ್ಗಿದ ಕಾಲದಲ್ಲಿ 70–80 ಸಾವಿರಕ್ಕೆ. ಕ್ಲೋರಿನ್, ವಿದ್ಯುತ್, ಸಾಲದ ಬಡ್ಡಿ, ಕೂಲಿ ಎಲ್ಲವೂ ಉಳಿದ ಪುಡಿಗಾಸಿನಲ್ಲಿ ಮುಗಿಯಬೇಕು. ಪೆಟ್ರೋಲಿನ ಜೊತೆ ಎಥನಾಲ್ ಪೈಪೋಟಿಗಿಳಿದ ದಿನವೇ ಆ ದಾರಿ ಮುಚ್ಚಿತು. ಕಾರವಾರದಲ್ಲೇ, ರತ್ನಗಿರಿಯ ಹಾಗೆ, ಹಡಗಿನಲ್ಲಿ ಎಥಿಲೀನ್ ತರಿಸಬಹುದಲ್ಲ ಎಂಬುದು ಉಳಿದ ವಾದಗಳಿಗಿಂತ ಗಟ್ಟಿಯಾದದ್ದು. ತಾಂತ್ರಿಕವಾಗಿ ಸಾಧ್ಯ. ಆದರೆ ಇಂದು ಕಣದಲ್ಲಿರುವ ಸ್ಥಾವರಗಳ ಗಾತ್ರ ನೋಡಿ: ಮುಂದ್ರಾದಲ್ಲಿ ಅದಾನಿ ಸಮೂಹ ಕಟ್ಟುತ್ತಿರುವುದರ ಮೊದಲ ಹಂತವೇ ವರ್ಷಕ್ಕೆ 10 ಲಕ್ಷ ಟನ್, ರಿಲಯನ್ಸ್ ಕೂಡ ಸಾಮರ್ಥ್ಯ ವಿಸ್ತರಿಸುತ್ತಿದೆ. ಸೀಬರ್ಡ್ ನೌಕಾನೆಲೆಗೆಂದು ಒಮ್ಮೆ ಊರೂರೇ ಎದ್ದುಹೋದ, ಕಾಸ್ಟಿಕ್ ತಯಾರಿಕೆಗೆ ಪಾದರಸದ ಕೋಶಗಳನ್ನು ಬಳಸುತ್ತಿದ್ದ ಕಾಲದಲ್ಲಿ ಬಿಣಗಾ ಕೊಲ್ಲಿಯ ಕೆಸರನ್ನು ವಿಜ್ಞಾನಿಗಳು ಪರೀಕ್ಷಿಸಬೇಕಾಗಿ ಬಂದ ತೀರದಲ್ಲಿ ಆ ಗಾತ್ರದ ಇನ್ನೊಂದಕ್ಕೆ ಜಾಗ ಕೇಳುವುದು ನ್ಯಾಯವಲ್ಲ. ಚಿಕ್ಕದನ್ನು ಕಟ್ಟಿದರೆ ಪೈಪೋಟಿಯಲ್ಲಿ ಉಳಿಯದು.

ಅಪಾಯದ ಮಾತನ್ನು ಇಲ್ಲಿ ಬಿಡಿಸಿ ಹೇಳಬೇಕು, ಏಕೆಂದರೆ ಪಿವಿಸಿಯನ್ನೇ ಕೈಬಿಡಿ ಎನ್ನುವವರ ಬಲವಾದ ಆಧಾರ ಅದು. 1974ರ ಜನವರಿಯಲ್ಲಿ ಅಮೆರಿಕದ ಲೂಯಿವಿಲ್‌ನ ಗುಡ್‌ರಿಚ್ ಸ್ಥಾವರದ ಕೆಲಸಗಾರರಲ್ಲಿ ಯಕೃತ್ತಿನ ಅಪರೂಪದ ಕ್ಯಾನ್ಸರ್ ಕಂಡುಬಂದಿರುವುದು ಬಹಿರಂಗವಾಯಿತು, ಕಾರಣ ವಿನೈಲ್ ಕ್ಲೋರೈಡ್ ಅನಿಲ. ಕೆಲಸದ ಜಾಗದ ಗಾಳಿಯಲ್ಲಿ ಅದು ಹತ್ತು ಲಕ್ಷಕ್ಕೆ ಒಂದು ಪಾಲು ಮೀರಬಾರದೆಂಬ ನಿಯಮ ಆಮೇಲೆ ಬಂತು. 2023ರ ಫೆಬ್ರುವರಿ 3ರಂದು ಒಹಾಯೊದ ಈಸ್ಟ್ ಪ್ಯಾಲೆಸ್ಟೈನ್‌ನಲ್ಲಿ ಇದೇ ಅನಿಲ ಹೊತ್ತ ರೈಲು ಹಳಿ ತಪ್ಪಿ, ಊರನ್ನೇ ತೆರವು ಮಾಡಬೇಕಾಯಿತು. ಚೀನಾ ತನ್ನ ಪಿವಿಸಿಯ ಬಹುಪಾಲನ್ನು ಕಲ್ಲಿದ್ದಲು ಮತ್ತು ಸುಣ್ಣದಿಂದ, ಕಾರ್ಬೈಡಿನ ದಾರಿಯಲ್ಲಿ ಮಾಡುತ್ತದೆ, ಅದರಲ್ಲಿ ಬಳಸುತ್ತ ಬಂದಿರುವ ವೇಗವರ್ಧಕ ಪಾದರಸದ ಲವಣ. 2017ರಲ್ಲಿ ಜಾರಿಗೆ ಬಂದ ಮಿನಮಾಟಾ ಒಪ್ಪಂದ ಅದನ್ನು ತಗ್ಗಿಸಲು ಹೇಳಿದೆ. ಇವೆಲ್ಲ ನಿಜ, ಮತ್ತು ಇವೆಲ್ಲ ತಯಾರಿಕೆಯ ಜಾಗದ ಅಪಾಯಗಳು. ಗಟ್ಟಿಯಾದ ಪೈಪಿನಲ್ಲಿ ಆ ಅನಿಲ ಉಳಿಯುವುದು ಅತ್ಯಲ್ಪ. ಬಳಸುವವನಿಗೆ ತಟ್ಟುವ ಅಪಾಯ ಬೇರೆ ಎರಡು. ಒಂದು ಸೀಸ: ಪಿವಿಸಿ ಬಿಸಿಗೆ ಕರಕಲಾಗದಂತೆ ತಡೆಯಲು ಅಗ್ಗದ ಸೀಸದ ಲವಣವನ್ನು ದಶಕಗಳ ಕಾಲ ಬೆರೆಸಲಾಯಿತು. ಕುಡಿಯುವ ನೀರಿನ ಪೈಪಿನಿಂದ ಅದು ಕರಗಿ ಬರಬಲ್ಲದು. ಹಸಿರು ನ್ಯಾಯಮಂಡಳಿಯ ಆದೇಶದ ಬೆನ್ನಿಗೆ ಕೇಂದ್ರ ಸರ್ಕಾರ 2021ರಲ್ಲಿ ಸೀಸದ ಸ್ಥಿರಕಾರಿಯನ್ನು ತೆಗೆಯುವ ನಿಯಮ ತಂದಿತು. ಇನ್ನೊಂದು, ಬಿಸಾಡಿದ ಪೈಪು ಮತ್ತು ತುಂಡುಗಳನ್ನು ಹೊಲದ ಬದುವಿನಲ್ಲಿ ಸುಡುವುದು. ಉರಿದ ಪಿವಿಸಿ ಆಮ್ಲದ ಹೊಗೆಯನ್ನೂ ಡಯಾಕ್ಸಿನನ್ನೂ ಕಾರುತ್ತದೆ.

ಪೈಪು ಕೈಬಿಟ್ಟರೆ ಏನು ಗತಿ ಎಂಬುದನ್ನೂ ಎದುರಿಸಬೇಕು. ಕಾಲುವೆ ತೋಡಿ ನೀರು ಹಾಯಿಸಿದರೆ ಈ ಸೀಮೆಯ ಕೆಂಪು ಮಣ್ಣು ಅರ್ಧ ದಾರಿಯಲ್ಲೇ ಕುಡಿದುಬಿಡುತ್ತದೆ. ಕಬ್ಬಿಣದ ಕಾಲಂ ಪೈಪಿನ ತೂಕ, ತುಕ್ಕು ಎರಡೂ ರೈತರಿಗೆ ಗೊತ್ತು. ಬೆಂಗಳೂರು–ಹೊಸೂರು ರಸ್ತೆಯ ಅತ್ತಿಬೆಲೆಯ ಆಶೀರ್ವಾದ್ ಕಂಪನಿಯ ಯುಪಿವಿಸಿ ಕಾಲಂ ಪೈಪುಗಳು ಹಳ್ಳಿ ಹಳ್ಳಿಗೆ ಹರಡಿದ್ದು ಈ ಅನುಭವದಿಂದಲೇ. ಪಾಲಿಥಿಲೀನ್ ಪೈಪು ಕೆಲವು ಕಡೆ ಒಳ್ಳೆಯ ಬದಲಿ, ಆದರೆ ಅದರ ಬೆಲೆಯೂ ಇದೇ ಪೆಟ್ರೋಕೆಮಿಕಲ್ ಅಲೆಯ ಮೇಲೆ ತೇಲುತ್ತದೆ. ಅಗ್ಗದ ಪ್ಲಾಸ್ಟಿಕ್ ಪೈಪು ಸಿಗದಿದ್ದರೆ ಇಷ್ಟು ಬೋರುಗಳೇ ಇರುತ್ತಿರಲಿಲ್ಲ, ಅಂತರ್ಜಲ ಬತ್ತಿಸಿದ್ದರಲ್ಲಿ ಪೈಪಿಗೂ ಪಾಲಿದೆ ಎಂಬ ಆಕ್ಷೇಪ ನನ್ನ ಮಟ್ಟಿಗೆ ಎಲ್ಲಕ್ಕಿಂತ ಭಾರವಾದದ್ದು. ಈ ಸೀಮೆಯ ತಾಲ್ಲೂಕುಗಳು ಅತಿಬಳಕೆಯ ಪಟ್ಟಿಯಲ್ಲಿ ವರ್ಷಗಟ್ಟಲೆ ಕೂತಿವೆ, ಬೋರುಗಳು ಸಾವಿರ ಅಡಿ ಮುಟ್ಟುತ್ತಿವೆ. ಪೈಪು ಆ ಓಟವನ್ನು ಸುಲಭ ಮಾಡಿತೆಂಬುದು ಸರಿ. ಆದರೆ ಓಟ ಶುರುವಾದದ್ದು ಕೆರೆಗಳು ಹೂಳು ತುಂಬಿದಾಗ, ಜಯಮಂಗಲಿ, ಸುವರ್ಣಮುಖಿಯ ಪಾತ್ರದ ಮರಳು ಲಾರಿ ಹತ್ತಿದಾಗ, ಬೆಳೆಗೆ ತಕ್ಕ ಬೆಲೆ ಅಡಿಕೆಗೆ ಮಾತ್ರ ಸಿಗತೊಡಗಿದಾಗ. ಅದನ್ನು ನಿಲ್ಲಿಸಬೇಕಾದದ್ದು 2011ರ ಅಂತರ್ಜಲ ಕಾಯ್ದೆಯನ್ನು ನೆಟ್ಟಗೆ ಜಾರಿ ಮಾಡಿ, ಕೆರೆ ತುಂಬಿಸಿ. ಪೈಪು ದುಬಾರಿಯಾದರೆ ಬೋರು ನಿಲ್ಲುವುದಿಲ್ಲ, ಕಳಪೆ ಪೈಪು ಬರುತ್ತದೆ ಅಷ್ಟೆ.

ಕಳಪೆ ಹೇಗೆ ಬರುತ್ತದೆ ಎಂಬುದನ್ನು ಹತ್ತಿರದಿಂದ ನೋಡಬೇಕು. ಐಎಸ್ 4985ರ ಪ್ರಕಾರ ತಯಾರಾದ ಪೈಪಿನ ಮೈಮೇಲೆ ತಯಾರಕನ ಹೆಸರು, ಹೊರವ್ಯಾಸ, ಒತ್ತಡದ ದರ್ಜೆ, ಐಎಸ್‌ಐ ಗುರುತು ಉದ್ದಕ್ಕೂ ಅಚ್ಚಾಗಿರುತ್ತದೆ. ಬೋರಿನ ಕೇಸಿಂಗಿಗೆ ಐಎಸ್ 12818 ಎಂಬ ಬೇರೆ ಮಾನಕವಿದೆ. ರೆಸಿನ್ ದುಬಾರಿಯಾದಾಗ ಮೋಸದ ಮೊದಲ ದಾರಿ ಸುಣ್ಣದ ಪುಡಿ. ಒಂದಿಷ್ಟು ಪುಡಿ ಪೈಪಿಗೆ ಒಳ್ಳೆಯದೇ. ಅತಿಯಾದರೆ ಪೈಪು ಬಿರುಸಾಗಿ, ಬಗ್ಗಿಸಿದ ಕಡೆ ಬೆಳ್ಳಗೆ ತಿರುಗಿ, ಪೆಟ್ಟಿಗೆ ಬಳುಕುವ ಬದಲು ಚೂರಾಗುತ್ತದೆ. ಸುಣ್ಣ ರೆಸಿನ್ನಿಗಿಂತ ಸುಮಾರು ಎರಡರಷ್ಟು ತೂಕದ್ದಾದ್ದರಿಂದ ಕೈಯಲ್ಲಿ ಹಿಡಿದವನಿಗೆ ಅದು ಭಾರವಾಗಿ, ಗಟ್ಟಿಯಾಗಿಯೇ ತೋರುತ್ತದೆ. ತೂಗಿ ನೋಡುವ ರೈತನ ಜಾಣತನವೇ ಅವನಿಗೆ ತಿರುಗುಬಾಣ. ಎರಡನೆಯ ದಾರಿ ಗೋಡೆ ತೆಳುವು ಮಾಡಿ ಮೇಲಿನ ದರ್ಜೆ ಅಚ್ಚು ಹಾಕುವುದು. ಮೂರನೆಯದು ಗುಜರಿಯ ಹಳೆ ಪಿವಿಸಿ ಅರೆದು ಸೇರಿಸುವುದು, ಅದರೊಂದಿಗೆ ಹಳೆಯ ಸೀಸವೂ ಹೊಸ ಪೈಪಿಗೆ ಬರುತ್ತದೆ. ಸುಟ್ಟು ಬೂದಿ ಅಳೆಯುವ ಪರೀಕ್ಷೆ ಮೊದಲನೆಯದನ್ನು ಸುಲಭವಾಗಿ ಹೊರಗೆಡಹುತ್ತದೆ. ಆದರೆ ಅದು ನಡೆಯುವುದು ಮೈಸೂರಿನ ಸಿಪೆಟ್‌ನಂಥ ಪ್ರಯೋಗಾಲಯದಲ್ಲಿ, ತಾವರೆಕೆರೆಯ ರೈತ ಪೈಪಿನ ತುಂಡು ಹಿಡಿದು ಅಲ್ಲಿಗೆ ಹೋಗಲಾರ.

ಡ್ರಿಪ್ ಸಹಾಯಧನದ ಅನುಭವ ಇಲ್ಲಿ ಪಾಠ ಹೇಳುತ್ತದೆ. ಸಣ್ಣ ರೈತನಿಗೆ ಶೇ 90ರವರೆಗೆ ಸಹಾಯಧನ ಕೊಡುವ ಯೋಜನೆಯಲ್ಲಿ ಮಾನಕದ ಗುರುತಿಲ್ಲದ ಸಾಮಗ್ರಿಗೆ ಹಣ ಸಿಗದು, ಹಾಗಾಗಿ ಆ ಮಾರುಕಟ್ಟೆಯಲ್ಲಿ ಒಂದು ಮಟ್ಟದ ಶಿಸ್ತು ಬಂದಿದೆ. ರೈತ ತನ್ನದೇ ಹಣದಲ್ಲಿ, ತುರ್ತಿನಲ್ಲಿ ಕೊಳ್ಳುವ ಬೋರಿನ ಲೈನಿಗೆ ಆ ಕಾವಲಿಲ್ಲ. ತೆರಿಗೆಯಲ್ಲೂ ಇದೇ ತಾರತಮ್ಯ: 2025ರ ಸೆಪ್ಟೆಂಬರಿನಲ್ಲಿ ಹನಿ ನೀರಾವರಿ ವ್ಯವಸ್ಥೆಯ ಜಿಎಸ್‌ಟಿ ಶೇ 12ರಿಂದ 5ಕ್ಕೆ ಇಳಿಯಿತು, ಅದೇ ಹನಿಗೆ ನೀರು ತಂದುಕೊಡುವ ಪಿವಿಸಿ ಪೈಪು ಶೇ 18ರಲ್ಲೇ ಉಳಿಯಿತು. ದೆಹಲಿಯಲ್ಲಿ ಈ ಉದ್ಯಮದ ಬಗ್ಗೆ ನಡೆಯುವ ಜಗಳವೆಲ್ಲ ರೆಸಿನ್ನಿನದು. ದೇಶೀಯ ತಯಾರಕರು ಸುರಿಮಾಲು ತಡೆ ಸುಂಕ ಕೇಳಿದರು, 2024ರಲ್ಲಿ ವ್ಯಾಪಾರ ಪರಿಹಾರ ಮಹಾನಿರ್ದೇಶನಾಲಯ ಚೀನಾ ಸೇರಿದಂತೆ ಹಲವು ದೇಶಗಳ ಪಿವಿಸಿಗೆ ತಾತ್ಕಾಲಿಕ ಸುಂಕ ಶಿಫಾರಸು ಮಾಡಿತು. ಅದೇ ವರ್ಷ ಹೊರಡಿಸಿದ ರೆಸಿನ್ ಗುಣಮಟ್ಟ ಆದೇಶವನ್ನು ಮತ್ತೆ ಮತ್ತೆ ಮುಂದೂಡಲಾಯಿತು. ಪೈಪು ತಯಾರಕರು ಸುಂಕ ಬೇಡವೆಂದರು. ರೆಸಿನ್ ತಯಾರಕರ ಮಾತಿನಲ್ಲಿ ಹುರುಳಿಲ್ಲವೆಂದಲ್ಲ. ಸಾವಿರಾರು ಕೋಟಿ ಹೂಡಿ ವರ್ಷಗಟ್ಟಲೆ ಕಾಯುವ ಉದ್ಯಮ, ಪಾದರಸದ ನಿಜವಾದ ಖರ್ಚನ್ನು ಲೆಕ್ಕಕ್ಕೇ ಹಿಡಿಯದ ಮಾಲಿನ ಜೊತೆ ಸೆಣಸಬೇಕೆಂದರೆ ಅದು ಸಮಬಲದ ಪೈಪೋಟಿಯಲ್ಲ. ಆದರೆ ಸುಂಕ ಬಂದರೂ ಬಿಟ್ಟರೂ ಅದರ ಫಲ ಹಂಚಿಕೆಯಾಗುವುದು ರೆಸಿನ್ ತಯಾರಕ, ಆಮದುದಾರ, ಪೈಪು ಕಂಪನಿಗಳ ನಡುವೆ. 2022ರ ಮೇನಲ್ಲಿ ಪಿವಿಸಿ ಆಮದು ಸುಂಕ ಶೇ 10ರಿಂದ 7.5ಕ್ಕೆ ಇಳಿಯಿತು. ನೂರಕ್ಕೆ ಎರಡೂವರೆಯ ಆ ಇಳಿಕೆ, ಒಂದು ವರ್ಷ ಬೆಲೆ ಗಗನಕ್ಕೇರಿ ಮರುವರ್ಷ ಅರ್ಧವಾದ ಮಾರುಕಟ್ಟೆಯಲ್ಲಿ ಶಿರಾದ ಅಂಗಡಿಗೆ ಬರುವಷ್ಟರಲ್ಲಿ ಕಾಣದಂತಾಗುತ್ತದೆ.

ರಾಜ್ಯದ ಕೈಯಲ್ಲಿರುವುದು ಕೊನೆಯ ಕೊಂಡಿ, ಮತ್ತು ಅದು ಚಿಕ್ಕದೇನಲ್ಲ. ಪೈಪು ಎಳೆಯುವ ಘಟಕಕ್ಕೆ ಬಂದರು ಬೇಡ, ಕ್ಲೋರಿನ್ ಬೇಡ. ಟೊಳ್ಳು ಪೈಪನ್ನು ಲಾರಿಯಲ್ಲಿ ಸಾಗಿಸುವುದೆಂದರೆ ಗಾಳಿ ಸಾಗಿಸಿದಂತೆ, ಆದ್ದರಿಂದ ಗಿರಾಕಿಯ ಹತ್ತಿರವಿದ್ದಷ್ಟೂ ಲಾಭ. ನಂದ್ಯಾಲದ ನಂದಿ ಪೈಪು ರಾಯಲಸೀಮೆಯ ಒಣನೆಲದ ನಡುವೆಯೇ ಬೆಳೆದದ್ದು ಸುಮ್ಮನೆ ಅಲ್ಲ. ತುಮಕೂರಿನ ವಸಂತನರಸಾಪುರದ ಕೈಗಾರಿಕಾ ಪ್ರದೇಶ ಕೊರಟಗೆರೆ, ಶಿರಾ, ಮಧುಗಿರಿಗಳಿಗೆ ಕೈಗೆಟಕುವ ದೂರದಲ್ಲಿದೆ. ಸೀಸರಹಿತ ಪೈಪು ಎಳೆಯುವವರ ಜೊತೆಗೆ ಬೂದಿ, ಒತ್ತಡ, ಪೆಟ್ಟಿನ ಪರೀಕ್ಷೆ ಮಾಡುವ ಒಂದು ಸಾರ್ವಜನಿಕ ಪ್ರಯೋಗಾಲಯವೂ ಅಲ್ಲಿ ಬೇಕು. ಬೀಜ, ಗೊಬ್ಬರದ ಮಾದರಿ ತೆಗೆದು ಪರೀಕ್ಷೆಗೆ ಕಳಿಸುವ ಕೃಷಿ ಇಲಾಖೆ ಪೈಪಿನ ಮಾದರಿಯನ್ನೂ ಅಂಗಡಿಯಿಂದ ತೆಗೆಯುವಂತಾದರೆ, ಸುಣ್ಣ ತುಂಬಿದವನ ಹೆಸರು ಹೋಬಳಿಯ ರೈತ ಸಂಪರ್ಕ ಕೇಂದ್ರದ ಗೋಡೆಯ ಮೇಲೆ ಬಂದರೆ, ಅರ್ಧ ಕೆಲಸ ಮುಗಿದಂತೆ. ರೆಸಿನ್ ತಯಾರಕರು ಬೆಲೆ ಬದಲಿಸಿದಾಗಲೆಲ್ಲ ಡೀಲರ್‌ನ ಫೋನಿಗೆ ತಲುಪುವ ಸುದ್ದಿ, ಪೇಟೆ ಧಾರಣೆಯ ಹಾಗೆ, ಅದೇ ಗೋಡೆಗೂ ಬರಬೇಕು. ಪೈಪಿನ ಜಿಎಸ್‌ಟಿಯನ್ನು ಡ್ರಿಪ್ಪಿನ ಮಟ್ಟಕ್ಕೆ ಇಳಿಸಲು ಮಂಡಳಿಯಲ್ಲಿ ಒತ್ತಾಯಿಸುವುದು ರಾಜ್ಯದ ಹಣಕಾಸು ಸಚಿವರ ಕೆಲಸ.

ಇದಕ್ಕೆಲ್ಲ ಮುಹೂರ್ತವೂ ಹತ್ತಿರದಲ್ಲಿದೆ. ಭದ್ರಾ ಮೇಲ್ದಂಡೆ ಯೋಜನೆ 2,25,515 ಹೆಕ್ಟೇರಿಗೆ ಸೂಕ್ಷ್ಮ ನೀರಾವರಿಯಿಂದಲೇ ನೀರು ಕೊಡಲು ಹೊರಟಿದೆ. ಅದರ ತುಮಕೂರು ಶಾಖಾ ಕಾಲುವೆಯ ನೀರು ಶಿರಾ, ಪಾವಗಡದ ಹೊಲಗಳಿಗೆ ಬರಬೇಕು. ಆ ನೀರು ಹರಿಯುವುದು ತೆರೆದ ಹೊಲಗಾಲುವೆಯಲ್ಲಲ್ಲ, ಪ್ಲಾಸ್ಟಿಕ್ ಕೊಳವೆಗಳಲ್ಲಿ. ಈ ಸೀಮೆ ಹಿಂದೆಂದೂ ಕಾಣದಷ್ಟು ಪ್ಲಾಸ್ಟಿಕ್ ಒಂದೇ ಯೋಜನೆಯಲ್ಲಿ ಮಣ್ಣಿನೊಳಗೆ ಇಳಿಯಲಿದೆ, ಅದನ್ನು ಕೊಳ್ಳುವವನು ಒಬ್ಬೊಂಟಿ ರೈತನಲ್ಲ, ಸರ್ಕಾರ. ಅಷ್ಟು ದೊಡ್ಡ ಗಿರಾಕಿಯ ಮಾತನ್ನು ಯಾವ ಕಂಪನಿಯೂ ತಳ್ಳಿಹಾಕಲಾರದು. ಟೆಂಡರಿನ ಕರಾರಿನಲ್ಲಿ ಪ್ರತಿ ಲಾಟಿನ ಬೂದಿ ಪರೀಕ್ಷೆಯ ವರದಿ ಗ್ರಾಮ ಪಂಚಾಯಿತಿಗೆ ಸಲ್ಲಬೇಕು, ಸೀಸವಿಲ್ಲವೆಂಬ ಪ್ರಮಾಣಪತ್ರ ಇರಬೇಕು, ಅವಧಿ ಮುಗಿದ ಪೈಪು ಮತ್ತು ಲ್ಯಾಟರಲ್‌ಗಳನ್ನು ಪೂರೈಸಿದವರೇ ಹೊಲದಿಂದ ಎತ್ತಿಕೊಂಡು ಹೋಗಬೇಕು ಎಂಬ ಮೂರು ಸಾಲು ಸೇರಿಸುವುದಕ್ಕೆ ಹೊಸ ಕಾಯ್ದೆ ಬೇಕಿಲ್ಲ, ದೆಹಲಿಯ ಅನುಮತಿಯೂ ಬೇಕಿಲ್ಲ. ಆ ಸಾಲುಗಳು ಬರಬೇಕಾದದ್ದು ಹೊಲದ ಪೈಪುಗಳ ಗುತ್ತಿಗೆಗೆ ಸಹಿ ಬೀಳುವ ಮೊದಲು.